ಮೂರು ಚಕ್ರವೋ, ನಾಲ್ಕೋ? ಪುಟ್ಟ ಸ್ಟ್ರಾಲರ್ ಆರಿಸುವಾಗ

ಮಡಚಿದರೆ ಕಾರಿನ ಡಿಕ್ಕಿಯಲ್ಲಿ ಸುಲಭವಾಗಿ ಕೂರುವ ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ ಬೇಕು, ಅಲ್ವಾ? ಹಾಗಾದರೆ ಮೊದಲು ಚಕ್ರ ನೋಡಿ.

ತಿರುಗಿಸುವುದರಲ್ಲಿ ಮೂರು ಚಕ್ರದ್ದೇ ಮೇಲು. ಒಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯಲ್ಲೇ ಇಕ್ಕಟ್ಟಿನ ತಿರುವು ದಾಟಬಹುದು. ಕೊಡೆಯಂತೆ ಮಡಚುವ ನಾಲ್ಕು ಚಕ್ರದ ಹಗುರ ಗಾಡಿಗೆ ಹೆಚ್ಚಾಗಿ ಎರಡು ಹಿಡಿ, ಎರಡೂ ಕೈ ಬೇಕು. ಅದರ ಪುಟಾಣಿ ಚಕ್ರಗಳು ಕಲ್ಲುಹಾಸಿನ ಸಂದಿಗೆ ಸಿಕ್ಕಿ ಗಕ್ಕನೆ ನಿಲ್ಲುತ್ತವೆ. ಮಲಗಿದ್ದ ಮಗು ಬೆಚ್ಚಿ ಏಳುತ್ತದೆ.

ಆದರೆ ಫುಟ್‌ಪಾತಿನ ಅಂಚಿನಿಂದ ಓರೆಯಾಗಿ ಇಳಿಸಿದರೆ ಮೂರು ಚಕ್ರದ್ದು ಬೇಗ ಪಕ್ಕಕ್ಕೆ ವಾಲುತ್ತದೆ. ನೇರವಾಗಿಯೇ ಇಳಿಸಿ. ಹಿಡಿಗೆ ಭಾರದ ಬ್ಯಾಗ್ ನೇತುಹಾಕುವುದು ಎರಡರಲ್ಲೂ ಬೇಡ. ಮಗುವನ್ನು ಎತ್ತಿಕೊಂಡ ಕೂಡಲೇ ಗಾಡಿ ಹಿಂದಕ್ಕೆ ಮಗುಚಬಹುದು.

ಗಾಳಿ ಟೈರು ಕುಲುಕಾಟ ತಗ್ಗಿಸುತ್ತದೆ, ಪಂಕ್ಚರ್ ಚಿಂತೆ ಇದ್ದದ್ದೇ. ಫೋಮ್ ಟೈರಿಗೆ ಆ ಗೋಜಿಲ್ಲ.

ಮೂರು ಚಕ್ರ ಇದೆ ಎಂದು ಸುಮ್ನೆ ಅದನ್ನು ತಳ್ಳಿಕೊಂಡು ಓಡಬೇಡಿ. ಓಡಲು ಮಾಡಿದ ಗಾಡಿಯೇ ಬೇರೆ: ದೊಡ್ಡ ಟೈರು, ನೇರಕ್ಕೆ ಲಾಕ್ ಆಗುವ ಮುಂದಿನ ಚಕ್ರ, ಮಣಿಕಟ್ಟಿಗೆ ಹಾಕುವ ಪಟ್ಟಿ.

ಇನ್ನೂ ಕೂರಲು ಬಾರದ ಕೂಸಾದರೆ ಚಕ್ರದ ಮಾತು ಆಮೇಲೆ. ಸೀಟು ಪೂರ್ತಿ ಚಪ್ಪಟೆಯಾಗಬೇಕು. ಭುಜ, ಸೊಂಟ, ಕಾಲಸಂದಿ ಸೇರಿಸಿ ಬಿಗಿಯುವ 5 ಪಾಯಿಂಟ್ ಬೆಲ್ಟ್ ಎಲ್ಲ ಮಕ್ಕಳಿಗೂ ಬೇಕು.

ದಿನಾ ವಾಕಿಂಗ್ ಹೋಗುವವರಿಗೆ ನಾನು ಮೂರು ಚಕ್ರದ್ದನ್ನೇ ಹೇಳುತ್ತೇನೆ. ಮೆಟ್ಟಿಲು, ಬಸ್ಸು ಜಾಸ್ತಿ ಇದ್ದರೆ ನಾಲ್ಕು ಚಕ್ರದ ಹಗುರ ಗಾಡಿ. ಕೊಳ್ಳುವ ಮೊದಲು ಒಂದೇ ಕೈಯಲ್ಲಿ ಮಡಚಿ, ಎತ್ತಿ ನೋಡಿ.