ಟಿಪಿ-ಲಿಂಕ್ ಟಿಎಲ್-ಎಸ್‌ಜಿ108ಇ: ಮನೆಗೆ ಬೇಕಾದ ವಿಲ್ಯಾನ್‌ಗೆ ಇಷ್ಟು ಸಾಕು

ಸಿಸಿಟಿವಿ ಕ್ಯಾಮೆರಾ, ಸ್ಮಾರ್ಟ್ ಟಿವಿ, ಆಫೀಸ್ ಲ್ಯಾಪ್‌ಟಾಪ್ ಎಲ್ಲವೂ ಒಂದೇ ನೆಟ್‌ವರ್ಕ್‌ನಲ್ಲಿ ಇರುವುದು ನನಗೆ ಇಷ್ಟವಿಲ್ಲ. ಅಪ್‌ಡೇಟ್ ಕಾಣದ ಕ್ಯಾಮೆರಾದೊಳಗೆ ಯಾರಾದರೂ ನುಗ್ಗಿದರೆ ಲ್ಯಾಪ್‌ಟಾಪ್ ಪಕ್ಕದಲ್ಲೇ ಸಿಗುತ್ತದೆ, ಅಲ್ವಾ? ಅದಕ್ಕೇ ಒಂದೇ ಡಬ್ಬಿಯಲ್ಲಿ ಬೇರೆ ಬೇರೆ ನೆಟ್‌ವರ್ಕ್ (ಅದೇ ವಿಲ್ಯಾನ್, VLAN) ಮಾಡಿಕೊಡುವ ಈ ಸ್ವಿಚ್ ತಗೊಂಡೆ. 8 ಗಿಗಾಬಿಟ್ ಪೋರ್ಟ್, ಗಟ್ಟಿ ಲೋಹದ ಡಬ್ಬಿ. ಫ್ಯಾನ್ ಇಲ್ಲ, ಸದ್ದೂ ಇಲ್ಲ.

ಲ್ಯಾಪ್‌ಟಾಪ್‌ಗೆ ವಿಲ್ಯಾನ್ 10, ಕ್ಯಾಮೆರಾಗೆ 20, ನೆಂಟರ ವೈಫೈಗೆ 30 ಇಟ್ಟಿದ್ದೇನೆ. ರೂಟರ್‌ಗೆ ಹೋಗುವ ಪೋರ್ಟ್ ಮೂರೂ ವಿಲ್ಯಾನ್‌ಗೆ ಟ್ಯಾಗ್ಡ್ (ಡೇಟಾಗೆ ವಿಲ್ಯಾನ್ ನಂಬರ್ ಹಚ್ಚಿ ಕಳಿಸುತ್ತದೆ), ಕ್ಯಾಮೆರಾ ಪೋರ್ಟ್ ವಿಲ್ಯಾನ್ 20ಕ್ಕೆ ಮಾತ್ರ ಅನ್‌ಟ್ಯಾಗ್ಡ್ (ನಂಬರ್ ಇಲ್ಲದೆ ಕಳಿಸುತ್ತದೆ). ಇಲ್ಲಿ ಸ್ವಲ್ಪ ಹುಷಾರು: ನಂಬರ್ ಇಲ್ಲದೆ ಬರುವ ಡೇಟಾ ಯಾವ ವಿಲ್ಯಾನ್‌ಗೆ ಸೇರಬೇಕು ಅನ್ನುವ ಪಿವಿಐಡಿ ಸೆಟ್ಟಿಂಗ್ ಬೇರೆ ಪುಟದಲ್ಲಿದೆ, ಆ ಪೋರ್ಟ್‌ಗೆ ಅಲ್ಲೂ 20 ಅಂತ ಹಾಕಲೇಬೇಕು. ಅದು 1ರಲ್ಲೇ ಉಳಿದರೆ ಕ್ಯಾಮೆರಾ ಕಳಿಸಿದ್ದೆಲ್ಲ ವಿಲ್ಯಾನ್ 1ಕ್ಕೆ ಹೋಗುತ್ತದೆ, ಸರಿಯಾದ ಐಪಿ ಅಡ್ರೆಸ್ ಸಿಗುವುದಿಲ್ಲ, ಸುಮ್ನೆ ಕೇಬಲ್ ಮೇಲೆ ಅನುಮಾನ ಬರುತ್ತದೆ.

ಇದು ಲೇಯರ್ 2 ಸ್ವಿಚ್, ಅಂದರೆ ಒಂದು ವಿಲ್ಯಾನ್‌ನಿಂದ ಇನ್ನೊಂದಕ್ಕೆ ಡೇಟಾ ದಾಟಿಸುವುದಿಲ್ಲ. ಬೇರೆ ಮಾಡುವುದಷ್ಟೇ ಇದರ ಕೆಲಸ; ಯಾವ ವಿಲ್ಯಾನ್ ಯಾವುದರ ಜೊತೆ ಮಾತಾಡಬಹುದು ಅನ್ನೋದು ರೂಟರ್‌ನ ಫೈರ್‌ವಾಲ್ ಕೈಯಲ್ಲಿದೆ. ಹಾಗಾಗಿ ವಿಲ್ಯಾನ್ ಅರ್ಥವಾಗುವ ರೂಟರ್ ಬೇಕು, ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಹಾಕುವ ಉಚಿತ ಸಾಫ್ಟ್‌ವೇರ್) ಹಾಕಿದ್ದಾದರೂ ನಡೆಯುತ್ತದೆ. ವಿಲ್ಯಾನ್ ನಂಬರ್ ಹಚ್ಚುವ ಈ ವಿಧಾನ, 802.1ಕ್ಯೂ, ಎಲ್ಲರೂ ಪಾಲಿಸುವ ಸ್ಟ್ಯಾಂಡರ್ಡ್ ಆದ್ದರಿಂದ ಬೇರೆ ಕಂಪನಿಯ ಆಕ್ಸೆಸ್ ಪಾಯಿಂಟ್ (ವೈಫೈ ಕೊಡುವ ಸಾಧನ) ಕೂಡ ಹೊಂದುತ್ತದೆ. 32 ವಿಲ್ಯಾನ್‌ವರೆಗೆ ಮಾಡಬಹುದು, ಮನೆಗೆ ಅದೇ ಜಾಸ್ತಿ.

ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ಸೌಲಭ್ಯ) ಇದರಲ್ಲಿ ಇಲ್ಲ. ಕ್ಯಾಮೆರಾಗೆ ಹಾಗೆ ಕರೆಂಟ್ ಕೊಡಬೇಕು ಅನ್ನುವವರು ಪಿಒಇ ಇರುವ ಮಾಡೆಲ್ಲನ್ನೇ ನೋಡಿ.