ಫಿಟ್‌ನೆಸ್ ಫೆಸ್ಟ್‌ಗೆ ಗೋಡೌನೋ, ಕಲ್ಯಾಣ ಮಂಟಪವೋ?

ಜಿಮ್ ಬಟ್ಟೆ ಮಾರುವ ದೊಡ್ಡ ಬ್ರ್ಯಾಂಡ್ ಒಂದಕ್ಕೆ ದಾವಣಗೆರೆಯಲ್ಲಿ ಫಿಟ್‌ನೆಸ್ ಫೆಸ್ಟ್ ಮಾಡಿಕೊಟ್ಟೆವು. ಒಂದು ವರ್ಷ ಕಲ್ಯಾಣ ಮಂಟಪದಲ್ಲಿ, ಮರುವರ್ಷ ಮೆಕ್ಕೆಜೋಳದ ಗೋಡೌನ್‌ನಲ್ಲಿ. ಎರಡೂ ಸಲ ಆಷಾಢದಲ್ಲೇ. ಆಗ ಮದುವೆ ಇಲ್ಲ, ಮಂಟಪ ಖಾಲಿ. ಹೊಸ ಜೋಳ ಬರುವುದು ಅಕ್ಟೋಬರ್ ಹೊತ್ತಿಗೆ, ಹಾಗಾಗಿ ಗೋಡೌನೂ ಸಿಗುತ್ತದೆ. ಬಯಲಲ್ಲಿ ಶಾಮಿಯಾನ ಹಾಕುವ ಮಾತೂ ಬಂದಿತ್ತು. ಆ ಮಳೆಗಾಲದಲ್ಲಿ ಯಾರು ನಂಬುತ್ತಾರೆ?

ಬರೀ ಬಾಡಿಗೆ ನೋಡಿದರೆ ಗೋಡೌನ್ ಅಗ್ಗ. ಆದರೆ ಮಂಟಪದಲ್ಲಿ ಶೌಚಾಲಯ, ಕುಡಿಯುವ ನೀರು, ಜನರೇಟರ್, ಕುರ್ಚಿ ಎಲ್ಲಾ ಇರುತ್ತದೆ. ಗೋಡೌನ್‌ನಲ್ಲಿ ನಾಲ್ಕು ಗೋಡೆ, ಮೇಲೆ ತಗಡು, ಅಷ್ಟೇ. ಉಳಿದದ್ದನ್ನೆಲ್ಲ ತರಿಸಿದ ಮೇಲೆ ಎರಡರ ಖರ್ಚೂ ಹೆಚ್ಚುಕಮ್ಮಿ ಒಂದೇ ಆಯಿತು.

ದೊಡ್ಡ ವ್ಯತ್ಯಾಸ ನೆಲದ್ದು. ಮಂಟಪದಲ್ಲಿ ಮಿರಮಿರ ಹೊಳೆಯುವ ಟೈಲ್ಸ್. ಪ್ಲೈವುಡ್ ಹಾಸಿ ಅದರ ಮೇಲೆ ರಬ್ಬರ್ ಮ್ಯಾಟ್ ಹಾಕಿದ್ದರೂ ನೆಲದಿಂದ ಭಾರ ಎತ್ತಿಳಿಸುವ ಡೆಡ್‌ಲಿಫ್ಟ್ ಶುರುವಾದ ಕೂಡಲೇ ಮ್ಯಾನೇಜರ್ ಓಡಿ ಬರುತ್ತಿದ್ದರು. ‘ಅಣ್ಣಾ, ಮೆತ್ತಗೆ ಇಡಾಕ ಹೇಳ್ರಿ!’ ಮೆತ್ತಗೆ ಇಡಬೇಕು ಅಂದರೆ ಸ್ಪರ್ಧೆಯ ಗಮ್ಮತ್ತೇ ಹೋಯಿತು, ಅಲ್ವಾ? ಗೋಡೌನ್‌ನ ಕಾಂಕ್ರೀಟ್ ನೆಲ ಲೋಡುಗಟ್ಟಲೆ ಚೀಲ ಹೊತ್ತದ್ದು, ಅಲ್ಲಿ ಆ ಭಯ ಇರಲಿಲ್ಲ. ಕೆಳಗೆ ಮ್ಯಾಟ್ ಮಾತ್ರ ಹಾಕಿದೆವು. ಗೋಡೌನ್‌ನ ಕಟ್ಟೆ ಲಾರಿಯ ಎತ್ತರಕ್ಕೇ ಇದ್ದದ್ದರಿಂದ ಹಮಾಲರು ಭಾರದ ಪ್ಲೇಟುಗಳನ್ನು ಲಾರಿಯಿಂದ ನೇರ ಒಳಗೆ ಉರುಳಿಸಿದರು. ಜನ ಹತ್ತಲು ಮಾತ್ರ ರ‍್ಯಾಂಪ್ ಮಾಡಿಸಬೇಕಾಯಿತು.

ಹೈರಾಕ್ಸ್ ಅನ್ನುವ ಫಿಟ್‌ನೆಸ್ ಸ್ಪರ್ಧೆಯ ಥರದ ಓಟ ಬೇಕು ಅಂತ ಬ್ರ್ಯಾಂಡಿನವರ ಆಸೆ. ಹೈರಾಕ್ಸ್‌ನಲ್ಲಿ ಒಂದೊಂದು ಕಿಲೋಮೀಟರಿನ 8 ಓಟ, ಪ್ರತಿ ಓಟದ ನಂತರ ಒಂದು ಕಸರತ್ತು. ಅದನ್ನು ದೊಡ್ಡ ಎಕ್ಸಿಬಿಷನ್ ಹಾಲ್‌ಗಳಲ್ಲಿ ಮಾಡುವುದು ಸುಮ್ನೆ ಅಲ್ಲ. ನಾವು ಓಟ ಚಿಕ್ಕದು ಮಾಡಿದರೂ ಮಂಟಪದಲ್ಲಿ ತಿರುವಿಗೊಬ್ಬರು ಜಾರುತ್ತಿದ್ದರು. ಗೋಡೌನ್‌ನಲ್ಲಿ ನಡುವೆ ಕಂಬವೇ ಇಲ್ಲ. ಓಡಿದಷ್ಟೂ ಜಾಗ.

ಆದರೆ ಗೋಡೌನ್ ಹಿಡಿಯುವ ಮುಂಚೆ ಗಾಳಿಯ ವಿಷಯ ಕೇಳಲೇಬೇಕು. ಹುಳ ಹಿಡಿಯದಂತೆ ಜೋಳದ ಚೀಲಗಳಿಗೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡುತ್ತಾರೆ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಅನ್ನುವ ವಿಷಗಾಳಿ ಬರುತ್ತದೆ. ಕೊನೆಯ ಸಲ ಮಾತ್ರೆ ಇಟ್ಟದ್ದು ಯಾವಾಗ, ಪಕ್ಕದ ಅಂಕಣದಲ್ಲಿ ಈಗ ಇಟ್ಟಿದ್ದಾರಾ ಅಂತ ಮಾಲೀಕರಿಂದ ಬರೆಸಿಕೊಂಡೆವು. ಪಕ್ಕದ್ದೂ ಖಾಲಿ ಇದ್ದರೆ ಮಾತ್ರ ಮುಂದಿನ ಮಾತು.

ಇನ್ನು ಧೂಳು. ನೆಲ ಗುಡಿಸಿ ತೊಳೆದು ಫಳಫಳ ಮಾಡಿದ್ದೆವು. ಸೌಂಡ್ ಚೆಕ್‌ಗೆ ಡಿಜೆ ಬೇಸ್ ಏರಿಸಿದ. ಚಾವಣಿಯ ಕಬ್ಬಿಣದ ತೊಲೆಗಳ ಮೇಲೆ ಕೂತಿದ್ದ ಜೋಳದ ಧೂಳೆಲ್ಲ ಕರಿ ಮ್ಯಾಟ್‌ಗಳ ಮೇಲೆ ಹಿಟ್ಟಿನ ಹಾಗೆ ಉದುರಿತು. ಏಣಿ ಹಾಕಿ ಮೇಲಿಂದ ಮತ್ತೆ ಶುರು.

ಸದ್ದಿನಲ್ಲಿ ಮಂಟಪವೇ ಮೇಲು. ತಗಡಿನ ಕೆಳಗೆ ಮಾತು ಗುಂಯ್‌ಗುಡುತ್ತದೆ. ಮುಂದೆ ಎರಡು ದೊಡ್ಡ ಸ್ಪೀಕರ್ ಇಡುವ ಬದಲು ಉದ್ದಕ್ಕೂ ಚಿಕ್ಕವನ್ನು ಇಟ್ಟು ದನಿ ತಗ್ಗಿಸಿದಾಗ ಪರವಾಗಿಲ್ಲ ಅನ್ನಿಸಿತು. ಮಳೆ ಜೋರಾದಾಗ ಅದೂ ಕೇಳಿಸಲಿಲ್ಲ, ಸ್ಕೋರನ್ನೆಲ್ಲ ಎಲ್‌ಇಡಿ ಪರದೆಗೆ ಹಾಕಿದೆವು.

ಯೋಗ, ಜುಂಬಾ, ಮನೆಮಂದಿಯೆಲ್ಲ ಬರುವ ಕಾರ್ಯಕ್ರಮ ಆದರೆ ನಾನು ಈಗಲೂ ಮಂಟಪವನ್ನೇ ಹಿಡಿಯುತ್ತೇನೆ. ಭಾರ ಎತ್ತುವುದು, ಓಡುವುದು ಇದ್ದರೆ ಗೋಡೌನ್. ಅದೂ ಎರಡು ಕಡೆ ಶಟರ್ ಇರುವುದು ಮಾತ್ರ. ಒಂದೇ ಬಾಗಿಲಿನ ಗೋಡೌನನ್ನು ಬಿಟ್ಟಿಯಾಗಿ ಕೊಟ್ಟರೂ ಅಷ್ಟು ಜನರನ್ನು ಒಳಗೆ ಬಿಡಲು ನನಗೆ ಧೈರ್ಯವಿಲ್ಲ.