ಶಿವರಾಂಪೇಟೆಯಲ್ಲಿ ಸಿಗುವ ಚೀನೀ ಪೋಸ್ಟರ್ ಸೆಟ್: ಬಿಡಿಯಾಗಿ ಕೊಳ್ಳಿ, ಕೆಳಪಟ್ಟಿ ಉಳಿಸಿ ತಗೊಳ್ಳಿ

ಮೈಸೂರಿನ ಶಿವರಾಂಪೇಟೆಯ ಮುದ್ರಣದಂಗಡಿಯೊಂದರಲ್ಲಿ ಚೀನಾದ ಹಳೆಯ ಪ್ರಚಾರ ಪೋಸ್ಟರ್‌ಗಳ ಮರುಮುದ್ರಣ ಮಾರಾಟಕ್ಕಿದೆ. ಹನ್ನೆರಡು ಹಾಳೆಯ ಸೆಟ್ಟಿಗೆ 1,450 ರೂಪಾಯಿ, ಬಿಡಿ ಹಾಳೆಗೆ 150. ಎಲ್ಲವೂ ಎ3 ಅಳತೆ, 170 ಜಿಎಸ್‌ಎಂ ಆರ್ಟ್ ಪೇಪರ್. ಐದು ಹಾಳೆ ಯುದ್ಧಕಾಲದ ಮರದಚ್ಚಿನ ಚಿತ್ರಗಳು, ಏಳು 1950ರ ದಶಕದ ಬಣ್ಣದ ಪೋಸ್ಟರ್‌ಗಳು. ಮರದಚ್ಚಿನವು ಐದೂ ಬೇಕು, ಬಣ್ಣದವುಗಳಲ್ಲಿ ಎರಡು ಸಾಕು. ಏಳು ಹಾಳೆ ಬಿಡಿಯಾಗಿ ತಗೊಂಡರೆ 1,050ಕ್ಕೆ ಮುಗಿಯುತ್ತದೆ.

ಮರದಚ್ಚಿನ ಹಾಳೆಗಳೇ ಈ ಸೆಟ್ಟಿನ ಜೀವ. ಜಪಾನಿನ ಜೊತೆ ಯುದ್ಧ ನಡೆದ 1937–45ರ ವರ್ಷಗಳಲ್ಲಿ ಕಮ್ಯುನಿಸ್ಟರ ನೆಲೆಯಾಗಿದ್ದ ಯೆನಾನ್ ಸುತ್ತಲಿನ ಹಳ್ಳಿಗಾಡಿಗೆ ಕಾಗದ, ಮುದ್ರಣಯಂತ್ರ ಯಾವುದೂ ಸಲೀಸಾಗಿ ತಲುಪುತ್ತಿರಲಿಲ್ಲ. ಹಲಗೆ, ಉಳಿ, ಮಸಿ ಇದ್ದರೆ ಯಂತ್ರವಿಲ್ಲದೆ ಕೈಯಿಂದಲೇ ಉಜ್ಜಿ ಪ್ರತಿ ತೆಗೆಯಬಹುದು. 1938ರಲ್ಲಿ ಅಲ್ಲಿ ಶುರುವಾದ, ಲೇಖಕ ಲು ಷುನ್ ಹೆಸರಿನ ಕಲಾಶಾಲೆಯವರು ಮರದಚ್ಚನ್ನು ಅಷ್ಟು ನೆಚ್ಚಿಕೊಂಡದ್ದು ಅದಕ್ಕೇ. ಗು ಯುವಾನ್ ಎಂಬ ಕಲಾವಿದ ವಿಚ್ಛೇದನ ಕೇಳಲು ಬಂದ ಹೆಂಗಸಿನ ಚಿತ್ರವನ್ನು ಎರಡು ಸಲ ಕೆತ್ತಿದ. ಮೊದಲನೆಯದರಲ್ಲಿ ಯುರೋಪಿನ ಮಾದರಿಯ ದಟ್ಟ ನೆರಳು. ಮುಖದ ಅರ್ಧ ಯಾಕೆ ಕಪ್ಪು ಎಂದು ಹಳ್ಳಿಯವರು ಆಕ್ಷೇಪ ಎತ್ತಿದರು. 1943ರ ಎರಡನೆಯದರಲ್ಲಿ ನೆರಳು ತೆಗೆದು ಬರೀ ಗೆರೆಯಲ್ಲಿ ಮುಖ ಬಿಡಿಸಿದ, ಅವರ ಗೋಡೆ ಮೇಲಿನ ಹೊಸವರ್ಷದ ಚಿತ್ರಗಳಲ್ಲಿ ಇರುವ ಹಾಗೆ. ಸೆಟ್ಟಿನಲ್ಲಿ ಎರಡೂ ಇವೆ. ಪಕ್ಕಪಕ್ಕ ಇಟ್ಟು ನೋಡಿದರೆ ನೋಡುಗರ ಮಾತಿಗೆ ಕಲೆ ಹೇಗೆ ಬಾಗಿತು ಎನ್ನುವುದು ಕಣ್ಣಿಗೇ ಕಾಣುತ್ತದೆ. ಈ ಜೋಡಿಯನ್ನು ಆರಿಸಿದವರಿಗೆ ನಿಜಕ್ಕೂ ವಿಷಯ ಗೊತ್ತಿದೆ.

ಇವುಗಳಲ್ಲಿ ಒಂದೇ ದೋಷ. ಬರೀ ಕಪ್ಪಿನ ಚಿತ್ರವನ್ನು ಮುದ್ರಣದ ನಾಲ್ಕೂ ಬಣ್ಣ ಸೇರಿಸಿ ಮುದ್ರಿಸಿದ್ದಾರೆ. ಬಣ್ಣಗಳ ಜೋಡಣೆ ಕೂದಲೆಳೆಯಷ್ಟು ಸರಿದರೂ ಉಳಿಗೆರೆಯ ಅಂಚಿನಲ್ಲಿ ಕೆಂಪು, ನೀಲಿ ಮಬ್ಬು ಕಾಣಿಸುತ್ತದೆ. "ಬರೀ ಕಪ್ಪು ಮಸಿಯಲ್ಲಿ, ಮ್ಯಾಟ್ ಕಾಗದದ ಮೇಲೆ ಕೊಡಿ" ಅಂತ ಕೇಳಿ, ಮಾಡಿಕೊಡುತ್ತಾರೆ.

ಬಣ್ಣದ ಪೋಸ್ಟರ್‌ಗಳ ಗಾಯ ದೊಡ್ಡದು. ಮುದ್ರಣದ ದೊಡ್ಡ ಹಾಳೆಯ ಅರ್ಧದಷ್ಟಿರುವ ಮೂಲ ಪೋಸ್ಟರಿನ ಅಳತೆ ಸುಮಾರು 53×77 ಸೆಂಟಿಮೀಟರ್. ಅದನ್ನು ಎ3ರ 29.7 ಸೆಂಟಿಮೀಟರ್ ಅಗಲಕ್ಕೆ ಭರ್ತಿ ಕೂರಿಸಿದರೆ ಎತ್ತರ 43 ದಾಟುತ್ತದೆ, ಹಾಳೆ ಇರುವುದು 42. ಮಿಕ್ಕ ಒಂದು ಚಿಲ್ಲರೆ ಸೆಂಟಿಮೀಟರನ್ನು ಕೆಳಗಿನಿಂದ ಕತ್ತರಿಸಿದ್ದಾರೆ. ಪೋಸ್ಟರಿನ ಜಾತಕ ಇರುವುದೇ ಆ ಪಟ್ಟಿಯಲ್ಲಿ: ಶೀರ್ಷಿಕೆ, ಕಲಾವಿದನ ಹೆಸರು, ಪ್ರಕಾಶಕರು, ಮಾರಾಟಕ್ಕೆ ಹೊಣೆಯಾದ ಶಿನ್‌ಹುವಾ ಪುಸ್ತಕದಂಗಡಿ, ಮುದ್ರಣದ ತಿಂಗಳು, ಪ್ರತಿಗಳ ಸಂಖ್ಯೆ, ಬೆಲೆ. ಅದಿಲ್ಲದ ಹಾಳೆ ಬರೀ ಅಲಂಕಾರ. ಶೇ. 97ಕ್ಕೆ ಇಳಿಸಿ ಮುದ್ರಿಸಿದರೆ ಪಟ್ಟಿ ಪೂರ್ತಿ ಬರುತ್ತದೆ, ಎರಡೂ ಬದಿ ಅರ್ಧ ಸೆಂಟಿಮೀಟರ್ ಬಿಳಿ ಉಳಿಯುತ್ತದೆ, ಅಷ್ಟೇ. ಹಾಳೆಗೆ 40 ರೂಪಾಯಿ ಹೆಚ್ಚು ತಗೊಂಡು ಹಾಗೆ ಮುದ್ರಿಸಿ ಕೊಡುತ್ತಾರೆ. ಮೊದಲೇ ಯಾಕೆ ಹೀಗೆ ಮಾಡಲಿಲ್ಲವೋ!

ಕೊಳ್ಳಬೇಕಾದ ಎರಡು: 1952ರ ನೈರ್ಮಲ್ಯ ಆಂದೋಲನದ ಹಾಳೆ, ಮತ್ತು ಪಾರಿವಾಳ ಹಿಡಿದ ಇಬ್ಬರು ಮಕ್ಕಳ ಹಾಳೆ. ಮೊದಲನೆಯದು ಕೊರಿಯಾ ಯುದ್ಧದ ಹೊತ್ತಿನದು. ಅಮೆರಿಕ ರೋಗಾಣುಗಳನ್ನು ಚೆಲ್ಲುತ್ತಿದೆ ಎಂದು ಚೀನಾ ಆರೋಪಿಸಿ, ಊರೂರಲ್ಲಿ ನೊಣ, ಇಲಿ ಕೊಲ್ಲುವ ಕೆಲಸಕ್ಕೆ ಜನರನ್ನು ಇಳಿಸಿತ್ತು. ಚಪ್ಪಟೆ ಬಣ್ಣಗಳಾದ್ದರಿಂದ ಮರುಮುದ್ರಣದಲ್ಲೂ ಕೆಟ್ಟಿಲ್ಲ.

ಶಾಂಘೈ ಕ್ಯಾಲೆಂಡರ್ ಶೈಲಿಯವು ಮಾತ್ರ ಪೂರಾ ಹಾಳಾಗಿವೆ. ಜಿನ್ ಮೇಶೆಂಗ್, ಲಿ ಮುಬಾಯ್ ತರಹದ ಕಲಾವಿದರು ಇದ್ದಿಲ ಪುಡಿಯನ್ನು ನಯವಾಗಿ ಉಜ್ಜಿ ಮೈಯ ಉಬ್ಬುತಗ್ಗು ತಂದು, ಅದರ ಮೇಲೆ ಜಲವರ್ಣ ತೆಳುವಾಗಿ ಹಾಯಿಸುತ್ತಿದ್ದರು. ರವಿವರ್ಮನ ಮುದ್ರಿತ ಚಿತ್ರಗಳನ್ನು ನಡುಮನೆಯಲ್ಲಿ ನೋಡಿದವರಿಗೆ ಆ ತುಂಬುಗೆನ್ನೆಯ ಮೃದುತನ ಗುರುತು ಸಿಗುತ್ತದೆ. ಇಲ್ಲಿ ಹಳೇ ಕಾಗದದ ಹಳದಿ ಹೋಗಲೆಂದು ಸ್ಕ್ಯಾನ್ ಮಾಡುವಾಗ ಬಣ್ಣ ತಿದ್ದಿದ್ದಾರೆ. ಹಳದಿಯ ಜೊತೆ ಚರ್ಮದ ಬಣ್ಣವೂ ಹೋಗಿ ಕೆನ್ನೆಗಳು ನೇರಳೆಗೆಂಪಾಗಿವೆ.

ದೋಂಗ್ ಶಿವೆನ್ ಬರೆದ ರಾಷ್ಟ್ರಸ್ಥಾಪನೆಯ ಚಿತ್ರಕ್ಕೆ "1949" ಎಂದು ಚೀಟಿ ಹಚ್ಚಿರುವುದು ತಪ್ಪು. ಅದು ಘಟನೆಯ ವರ್ಷ, ಚಿತ್ರ ಬಂದದ್ದು 1953ರಲ್ಲಿ. ನಾಯಕರ ಸಾಲಿನ ಬಲತುದಿಯಲ್ಲಿ ಗಾವ್ ಗಾಂಗ್ ಇದ್ದರೆ ಮೊದಲ ರೂಪ. ಆತ ಪದಚ್ಯುತನಾದ ಮೇಲೆ ಚಿತ್ರದಿಂದಲೂ ಅಳಿಸಿದರು, ಮುಂದೆ ಸಾಂಸ್ಕೃತಿಕ ಕ್ರಾಂತಿಯಲ್ಲಿ ಲ್ಯೂ ಶಾವ್ಚಿಯನ್ನೂ ತೆಗೆದರು. ಸೆಟ್ಟಿನಲ್ಲಿರುವುದು ಗಾವ್ ಗಾಂಗ್ ಇಲ್ಲದ್ದು.

ಗಲ್ಲಾಪೆಟ್ಟಿಗೆ ಹಿಂದೆ "ಒರಿಜಿನಲ್ 1953" ಎಂಬ ಹಾಳೆಯೊಂದಿದೆ, 8,500 ರೂಪಾಯಿ. ಬೇಡ. ಅದರ ಕೆಳಪಟ್ಟಿಯಲ್ಲಿ ಬೆಲೆ 0.20 ಯುವಾನ್ ಎಂದಿದೆ. 1955ರ ಮಾರ್ಚ್ 1ರಂದು 10,000 ಹಳೇ ಯುವಾನನ್ನು ಒಂದು ಹೊಸ ಯುವಾನ್ ಮಾಡಿದರು. ಅದಕ್ಕೆ ಮುಂಚಿನ ಪೋಸ್ಟರಿನ ಬೆಲೆ ಸಾವಿರಗಳಲ್ಲಿ ಇರಬೇಕು. ಮೊದಲ ಆವೃತ್ತಿಯ ತಾರೀಕು 1953 ಇದ್ದು, ಪಕ್ಕದಲ್ಲಿ ಆಮೇಲಿನ ಮರುಮುದ್ರಣದ ತಾರೀಕು ಇದ್ದರೆ ಒಪ್ಪಬಹುದಿತ್ತು, ಅದೂ ಇಲ್ಲ. ಅಕ್ಷರಗಳು 1956ರಲ್ಲಿ ಜಾರಿಗೆ ಬಂದ ಸರಳ ಲಿಪಿಯವು. ಅಕ್ಕಸಾಲಿಗರು ಇಟ್ಟುಕೊಳ್ಳುವ ಹತ್ತು ಪಟ್ಟಿನ ಮಸೂರದಲ್ಲಿ ನೋಡಿದರೆ ಚುಕ್ಕಿಗಳು ಸಾಲಾಗಿಲ್ಲ, ಎರಚಿದ ಹಾಗಿವೆ. ಅದು ಕಂಪ್ಯೂಟರಿನ ಇಂಕ್‌ಜೆಟ್ ಮುದ್ರಣದ ಗುರುತು, ಆ ಕಾಲದ ಆಫ್‌ಸೆಟ್ ಮುದ್ರಣದ ಚುಕ್ಕಿ ಲೆಕ್ಕ ಹಾಕಿದಂತೆ ಸಾಲಿನಲ್ಲಿರುತ್ತದೆ.

ಕಟ್ಟು ಹಾಕಿಸುವ ಸೇವೆ 900 ರೂಪಾಯಿ. ಹೇಳದೆ ಬಿಟ್ಟರೆ ಗಾಜನ್ನು ಹಾಳೆಗೆ ತಾಗಿಸಿ, ಹಿಂದೆ ಸ್ಟ್ರಾಬೋರ್ಡ್ ಇಟ್ಟು, ನಾಲ್ಕು ಮೂಲೆಗೆ ಫೆವಿಕಾಲ್ ಹಚ್ಚುತ್ತಾರೆ. ಮಳೆಗಾಲದ ತೇವಕ್ಕೆ ಕಾಗದ ಹಿಗ್ಗುತ್ತದೆ, ಮೂಲೆ ಬಿಗಿದಿರುವುದರಿಂದ ನಡುವೆ ಅಲೆ ಏಳುತ್ತದೆ, ಮಸಿ ಗಾಜಿಗೆ ಹತ್ತುತ್ತದೆ. ಸ್ಟ್ರಾಬೋರ್ಡಿನ ಆಮ್ಲ ಹಿಂಬದಿಯಿಂದ ಕಂದು ಕಲೆ ಬರಿಸುತ್ತದೆ. ಆಮ್ಲರಹಿತ ಮೌಂಟ್ ಬೋರ್ಡ್ ನೀವೇ ತಂದುಕೊಡಿ. ಗಾಜಿಗೂ ಹಾಳೆಗೂ ಎರಡು ಮೂರು ಮಿಲಿಮೀಟರ್ ಅಂತರ ಬಿಡಿಸಿ. ಮೇಲಂಚಿಗೆ ಮಾತ್ರ ಎರಡು ಕಡೆ ತೆಳು ಕಾಗದದ ಪಟ್ಟಿಯಿಂದ ತೂಗುಹಾಕಿಸಿ. ಅಂಟಿಗೆ ಗೋಧಿಗಂಜಿ ಸಾಕು. ಹುಳ ಬರದಿರಲಿ ಎಂದು ಅದಕ್ಕೆ ಮೈಲುತುತ್ತ ಬೆರೆಸುವ ರೂಢಿ ಇದೆ, ಇದಕ್ಕೆ ಬೆರೆಸಲು ಬಿಡಬೇಡಿ, ತಾಮ್ರ ಕಾಗದವನ್ನು ತಿನ್ನುತ್ತದೆ. ಇಷ್ಟಕ್ಕೆಲ್ಲ 200 ರೂಪಾಯಿ ಹೆಚ್ಚು ಕೇಳುತ್ತಾರೆ, ಕೊಡಬಹುದು.